ಚಿಕನ್ ಕೀವ್‌ನ ಮೂಲ ಮತ್ತು ಸೋರುವ ಬೆಣ್ಣೆ

ಪ್ರಶ್ನೆ: ಕೋಳಿಯ ಎದೆಮಾಂಸದೊಳಗೆ ಬೆಣ್ಣೆಯಿಟ್ಟು ಸುತ್ತಿ ಕರಿಯುವ ‘ಚಿಕನ್ ಕೀವ್’ ಹುಟ್ಟಿದ್ದು ಯುಕ್ರೇನಿನಲ್ಲೋ ರಷ್ಯಾದಲ್ಲೋ? ಮನೆಯಲ್ಲಿ ಕರಿದಾಗಲೆಲ್ಲ ಒಳಗಿನ ಬೆಣ್ಣೆ ಎಣ್ಣೆಗೆ ಸೋರಿಹೋಗುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಖಾದ್ಯದ ಹುಟ್ಟಿನ ಬಗ್ಗೆ ಒಮ್ಮತವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯಾ ಸಾಮ್ರಾಜ್ಯದ ಸಿರಿವಂತರ ಅಡುಗೆಮನೆಗಳಲ್ಲಿ ಫ್ರೆಂಚ್ ಬಾಣಸಿಗರ ಪ್ರಭಾವ ಗಾಢವಾಗಿತ್ತು. ಕೋಳಿಯ ಎದೆಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ ಕರಿಯುವ ಕಟ್ಲೆಟ್‌ಗಳು ಆ ಪರಂಪರೆಯಿಂದಲೇ ಬಂದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದಲ್ಲಿ ‘ನೊವೊಮಿಖೈಲೊವ್‌ಸ್ಕಿ ಕಟ್ಲೆಟ್’ ಎಂಬ ಇಂಥದೇ ತಿನಿಸು ಪ್ರಚಲಿತವಾಗಿತ್ತು. ಕೀವ್ ನಗರದವರಾದರೋ ತಮ್ಮ ಕಾಂಟಿನೆಂಟಲ್ ಹೋಟೆಲನ್ನು ಇದರ ತವರೆಂದು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ, ವಿಧಾನ ಫ್ರೆಂಚರದಾದರೂ ಜಗತ್ತು ಒಪ್ಪಿಕೊಂಡ ಹೆಸರು ಕೀವ್ ನಗರದ್ದು. ಅದನ್ನು ಅಭಿಮಾನದಿಂದ ಉಳಿಸಿಕೊಳ್ಳುವ ಹಕ್ಕು ಅಲ್ಲಿಯ ಜನರಿಗಿದೆ. ಬ್ರಿಟನ್ನಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಸಂಸ್ಥೆ 1979ರಲ್ಲಿ ಇದನ್ನು ಸಿದ್ಧ ಆಹಾರವಾಗಿ ಮಾರತೊಡಗಿದ ಮೇಲೆ ಇದು ಅಲ್ಲಿ ಮನೆಮಾತಾಯಿತು.

ಇನ್ನು ಬೆಣ್ಣೆ ಸೋರುವ ವಿಚಾರ. ಮಾಂಸ ಎಲ್ಲಾದರೂ ಹರಿದಿದ್ದರೆ, ಅಂಚು ಸರಿಯಾಗಿ ಮುಚ್ಚಿರದಿದ್ದರೆ ಅಥವಾ ಹೊರಗವಚದಲ್ಲಿ ಬಿರುಕಿದ್ದರೆ, ಬಿಸಿಯಾದ ಬೆಣ್ಣೆಯ ನೀರಿನಂಶ ಆವಿಯಾಗಿ ಆ ಸಂದಿನಿಂದಲೇ ಹೊರನುಗ್ಗುತ್ತದೆ. ಆದ್ದರಿಂದ ಬೆಣ್ಣೆಗೆ ಉಪ್ಪು, ಸಣ್ಣಗೆ ಹೆಚ್ಚಿದ ಸೊಪ್ಪು ಮತ್ತು ಬೇಕಿದ್ದರೆ ಬೆಳ್ಳುಳ್ಳಿಯನ್ನು ಕಲಸಿ, ಬೆರಳಿನ ಗಾತ್ರಕ್ಕೆ ಉರುಳೆ ಮಾಡಿ, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ. ಮೂಳೆಯಿಲ್ಲದ ಎದೆಮಾಂಸವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಲಟ್ಟಣಿಗೆಯಿಂದ ಮೆಲ್ಲಗೆ ಬಡಿದು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಬೆಣ್ಣೆಯನ್ನು ನಡುವೆ ಇಟ್ಟು, ಮೊದಲು ಎರಡೂ ತುದಿಗಳನ್ನು ಒಳಕ್ಕೆ ಮಡಿಚಿ, ಆಮೇಲೆ ಬಿಗಿಯಾಗಿ ಸುತ್ತಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಅವಸರಪಟ್ಟು ಈ ಹಂತವನ್ನು ಬಿಡುವವರ ಬಾಣಲೆಯಲ್ಲೇ ಬೆಣ್ಣೆ ಹೆಚ್ಚಾಗಿ ಸೋರುತ್ತದೆ. ಅನಂತರ ಮೈದಾ, ಕಲಕಿದ ಮೊಟ್ಟೆ, ಬ್ರೆಡ್ ಪುಡಿ ಎಂಬ ಕ್ರಮದಲ್ಲಿ ಹೊರಳಿಸಿ, ಮೊಟ್ಟೆ ಮತ್ತು ಬ್ರೆಡ್ ಪುಡಿಯ ಲೇಪವನ್ನು ಇನ್ನೊಮ್ಮೆ ಕೊಡಿ.

ಎಣ್ಣೆ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿರಲಿ. ಹೊಂಬಣ್ಣ ಬರುವವರೆಗೆ ಕರಿದು, ಓವನ್ ಇದ್ದರೆ 180 ಡಿಗ್ರಿಯಲ್ಲಿ ಒಳಗಿನ ಮಾಂಸವನ್ನು ಪೂರ್ತಿ ಬೇಯಿಸಿ. ಓವನ್ ಇಲ್ಲದಿದ್ದರೆ ಉರಿಯನ್ನು ತಗ್ಗಿಸಿ ನಿಧಾನವಾಗಿ ಕರಿಯಬೇಕು. ಬಡಿಸಿದ ಮೇಲೆ ಕತ್ತರಿಸುವ ಮೊದಲು ಫೋರ್ಕಿನಿಂದ ಒಂದೆಡೆ ಚುಚ್ಚಿ ಆವಿಯನ್ನು ಹೊರಬಿಡಿ, ಏಕೆಂದರೆ ಒಳಗಿನ ಕುದಿಬೆಣ್ಣೆ ಚಿಮ್ಮಿ ಕೈಯನ್ನು ಸುಡಬಹುದು.