ದುರಸ್ತಿಯ ಬಳಿಕದ ಮೊದಲ ಹಾರಾಟ

ಪ್ರಶ್ನೆ: ತರಬೇತಿಯ ಲಘು ವಿಮಾನವೊಂದು ನಿರ್ವಹಣೆ ಮುಗಿಸಿ ಬಂದ ಕೂಡಲೇ ಅಪಘಾತಕ್ಕೀಡಾಯಿತೆಂದು ಓದಿದೆ. ದುರಸ್ತಿಯೇ ಅಪಾಯಕ್ಕೆ ಕಾರಣವಾಗುವುದು ಹೇಗೆ? ಹಾರುವ ಮೊದಲೇ ಅದನ್ನು ಪತ್ತೆಹಚ್ಚಲಾಗದೆ?

ಉತ್ತರ: ಬಿಚ್ಚಿ ಮರುಜೋಡಿಸುವ ಪ್ರತಿಯೊಂದು ಕೆಲಸದಲ್ಲೂ ತಪ್ಪಿಗೆ ಅವಕಾಶವಿರುತ್ತದೆ. ಸರಿಯಾಗಿ ಬಿಗಿಯದ ಇಂಧನ ಕೊಳವೆ, ನಟ್ ಸಡಿಲಗೊಳ್ಳದಂತೆ ತಡೆಯುವ ಕಾಟರ್ ಪಿನ್ ಹಾಕದೆ ಬಿಟ್ಟ ಬೋಲ್ಟ್ ಮುಂತಾದವು ನೆಲದ ಮೇಲೆ ಗಮನಕ್ಕೆ ಬಾರದೆ ಉಳಿದು, ಹಾರಾಟದ ಕಂಪನದಲ್ಲಿ ಬಯಲಾಗಬಹುದು. ಇವೆಲ್ಲಕ್ಕಿಂತ ಭಯಾನಕವೆಂದು ನಾನು ಭಾವಿಸುವುದು ವಿಮಾನವನ್ನು ಎಡಕ್ಕೆ, ಬಲಕ್ಕೆ ವಾಲಿಸುವ ರೆಕ್ಕೆಯ ಹಿಂಬದಿಯ ಫಲಕಗಳಾದ ಏಲೆರಾನ್‌ಗಳ ಕೇಬಲ್ ಅದಲುಬದಲಾಗುವುದನ್ನು. ಆಗ ವಿಮಾನ ಎಡಕ್ಕೆ ವಾಲಿದಾಗ ಪೈಲಟ್ ಅಭ್ಯಾಸಬಲದಿಂದ ನಿಯಂತ್ರಣ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಎಡಕ್ಕೇ ವಾಲುತ್ತದೆ. ಟೇಕಾಫ್ ಆದ ಕ್ಷಣದಲ್ಲಿ, ತಾನು ಕಲಿತದ್ದಕ್ಕೆ ವಿರುದ್ಧವಾಗಿ ನಡೆಯಬೇಕೆಂದು ಅರಿಯುವಷ್ಟು ಸಮಯ ಅನುಭವಿ ಬೋಧಕರಿಗೂ ಸಿಗುವುದು ಕಷ್ಟ.

ಪತ್ತೆಹಚ್ಚಲು ಸಾಧ್ಯವಿದೆ. ನಿಯಂತ್ರಣ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಎಡ ಏಲೆರಾನ್ ಮೇಲೇಳಬೇಕು, ಬಲದ್ದು ಕೆಳಗಿಳಿಯಬೇಕು. ತನ್ನತ್ತ ಎಳೆದರೆ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಫಲಕವಾದ ಎಲಿವೇಟರ್ ಮೇಲೇಳಬೇಕು. ವಿದ್ಯಾರ್ಥಿಗಳು ಇದನ್ನು ದಿನವೂ ಮಾಡುತ್ತಾರಾದರೂ ಹಲವರು ಚಕ್ರ ಸರಾಗವಾಗಿ ತಿರುಗಿತೇ ಎಂಬುದನ್ನಷ್ಟೇ ಗಮನಿಸಿ, ದಿಕ್ಕನ್ನು ಕಣ್ಣಾರೆ ನೋಡುವುದಿಲ್ಲ.

ಆದರೆ ಈ ಹೊಣೆಯನ್ನು ವಿದ್ಯಾರ್ಥಿಯ ಮೇಲೆ ಹೊರಿಸುವುದು ಅನ್ಯಾಯ. ನಿಯಂತ್ರಣ ವ್ಯವಸ್ಥೆಯನ್ನು ಮುಟ್ಟಿದ ಮೇಲೆ, ಕೆಲಸ ಮಾಡಿದವರಲ್ಲದೆ ಅರ್ಹತೆಯುಳ್ಳ ಮತ್ತೊಬ್ಬರು ಸ್ವತಂತ್ರವಾಗಿ ಪರಿಶೀಲಿಸಿ ಸಹಿ ಹಾಕುವ ಪದ್ಧತಿ ಇರುವುದು ಇದಕ್ಕಾಗಿಯೇ. ಕಾರ್ಯಾಗಾರದಲ್ಲಿ ಅವಸರವಿದ್ದಾಗ ಆ ಎರಡನೆಯ ಸಹಿ ನೋಡದೆಯೇ ಬೀಳುವ ಅಪಾಯವಿದೆ. ಆದ್ದರಿಂದ ನಿರ್ವಹಣೆಯ ನಂತರದ ಮೊದಲ ಹಾರಾಟವನ್ನು ಅನುಭವಿ ಪೈಲಟ್, ವಿದ್ಯಾರ್ಥಿಯಿಲ್ಲದೆ, ನಡೆಸುವುದೇ ಸರಿ.