ಎಕ್ಸ್‌ಪೋಷರ್ ಕೆಟ್ಟ ಫೋಟೋವನ್ನು ಬೇರೆ ಬೇರೆ ಶೈಲಿಯಲ್ಲಿ ಎಡಿಟ್ ಮಾಡಬಹುದಾ?

ಕಿಟಕಿ ಪಕ್ಕ ಕೂತ ಅಜ್ಜಿಯ ಫೋಟೋ. ಮುಖ ಕಪ್ಪು, ಕಿಟಕಿ ಬರೀ ಬಿಳಿ. ಇರುವುದು ಒಂದೇ ಜೆಪೆಗ್. ಸರಿ ಮಾಡಲು ಹೋದಷ್ಟೂ ಕೆಡುತ್ತಿದೆ, ಬೇರೆ ಶೈಲಿಯಲ್ಲಿ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಮೊದಲು ಆ 'ಸರಿ ಮಾಡುವ' ಆಸೆ ಬಿಡಿ.

ನಾನೂ ವರ್ಷಗಟ್ಟಲೆ ಕತ್ತಲ ಭಾಗ ಬೆಳಗಿಸುವ ಶ್ಯಾಡೋ ಸ್ಲೈಡರ್ ಎಳೆದವನೇ. ಕೊನೆಗೆ ಸಿಗುತ್ತಿದ್ದುದು ಬೂದಿ ಬಳಿದಂಥ ಮುಖ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಏರಿಸಿದರೆ ಬೆಳಕು 4 ಪಟ್ಟಾಗುತ್ತದೆ, ಅದರ ಜೊತೆ ನಾಯ್ಸ್, ಅಂದರೆ ಕತ್ತಲಲ್ಲಿ ಕಾಣುವ ಚುಕ್ಕೆ ಚುಕ್ಕೆ ಕಲೆ ಕೂಡ ಅಷ್ಟೇ ಏರುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಕ್ಯಾಮೆರಾದ ಕಚ್ಚಾ ಫೈಲಾದ 14 ಬಿಟ್ ರಾ ಫೈಲಿನಲ್ಲಾದರೆ 16,384. ನಿಮ್ಮ ಅಜ್ಜಿಯ ಮುಖ ಆ 256ರಲ್ಲಿ ಕೆಳಗಿನ ಕೆಲವೇ ಮೆಟ್ಟಿಲಲ್ಲಿ ಇಕ್ಕಟ್ಟಾಗಿ ಕೂತಿದೆ. ಮೆಟ್ಟಿಲು ಎಣಿಸುವುದು 0ಯಿಂದ, ಕಿಟಕಿಯಂತೂ ಕೊನೆಯ ಮೆಟ್ಟಿಲು 255 ಮುಟ್ಟಿಬಿಟ್ಟಿದೆ. ಅಲ್ಲಿ ಎಳೆದು ತರಲು ಏನೂ ಉಳಿದಿಲ್ಲ.

ಹಾಗಾಗಿ ನಾನೀಗ ಫೋಟೋದಲ್ಲಿ ಏನು ಕೆಟ್ಟಿದೆ ನೋಡಿ, ಅದಕ್ಕೆ ಹೊಂದುವ ಶೈಲಿ ಹುಡುಕುತ್ತೇನೆ.

ನಿಮ್ಮದಕ್ಕೆ ಮೊದಲು ಲೋ ಕೀ, ಅಂದರೆ ಹೆಚ್ಚಿನ ಭಾಗ ಕತ್ತಲೇ ಇರುವ ಕಪ್ಪು ಬಿಳುಪು ನೋಡಿ. ಇಟಲಿಯ ಹಳೆಯ ಚಿತ್ರಕಾರ ಕಾರವಾಜಿಯೋ ಚಿತ್ರಗಳಲ್ಲಿ ಅರ್ಧ ಮುಖ ಕತ್ತಲಲ್ಲೇ ಮುಳುಗಿರುತ್ತದೆ ಅಲ್ವಾ? ಅದೇ ದಾರಿ. ಬ್ಲ್ಯಾಕ್ ಅಂಡ್ ವೈಟ್ ಮಿಕ್ಸರ್‌ನಲ್ಲಿ ಕೆಂಪು ಸ್ವಲ್ಪ ಏರಿಸಿ, ಚರ್ಮ ತಿಳಿಯಾಗುತ್ತದೆ. ನೀಲಿ ಚಾನೆಲ್ ಹತ್ತಿರ ಹೋಗಬೇಡಿ, ನಾಯ್ಸ್ ಸಾಮಾನ್ಯವಾಗಿ ಅಲ್ಲೇ ಜಾಸ್ತಿ. ಕತ್ತಲನ್ನು ಇನ್ನೂ ಗಾಢ ಮಾಡಿ. ಆಮೇಲೆ ಬಳಿದಲ್ಲಿ ಮಾತ್ರ ಬೆಳಗಿಸುವ ಡಾಡ್ಜ್ ಬ್ರಷ್ ಹಿಡಿದು ಕೆನ್ನೆಯ ಅಂಚು, ಮೂಗಿನ ಗೆರೆ, ಬೆರಳುಗಳ ತುದಿ ಇಷ್ಟನ್ನೇ ಮೆಲ್ಲಗೆ ಬೆಳಗಿಸಿ. ಬ್ರಷ್ಷಿನ ಬಲ 5ರಿಂದ 10 ಶೇಕಡ ಸಾಕು. ಕಿಟಕಿ ಕಣ್ಣಿಗೆ ಹೊಡೆಯುತ್ತಿದ್ದರೆ ಸುಮ್ನೆ ಕ್ರಾಪ್ ಮಾಡಿ. ಉಳಿದ ನಾಯ್ಸ್ ಮೇಲೆ ಒಂದಿಷ್ಟು ಗ್ರೇನ್ (ಫಿಲ್ಮ್‌ನ ಸಣ್ಣ ಹರಳಿನಂಥ ಚುಕ್ಕೆ) ಹಾಕಿದರೆ ಹಳೆಯ ಫಿಲ್ಮ್‌ನಂತೆ ಕಾಣುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟ: ಮರದ ಅಚ್ಚಿನ ಶೈಲಿ. ಥ್ರೆಶೋಲ್ಡ್ ಬಳಸಿದರೆ ಎಲ್ಲವೂ ಕಪ್ಪು ಇಲ್ಲವೇ ಬಿಳಿ. ಸುಟ್ಟುಹೋದ ಕಿಟಕಿ ಇಲ್ಲಿ ಖಾಲಿ ಕಾಗದವಾಗಿ ಕೆಲಸಕ್ಕೆ ಬರುತ್ತದೆ. ಥ್ರೆಶೋಲ್ಡ್‌ಗೆ ಮೊದಲು ಸ್ವಲ್ಪ ಬ್ಲರ್ ಕೊಡುವುದನ್ನು ಮರೆಯಬೇಡಿ. ನಾನು ಮೊದಲ ಸಲ ಮರೆತು, ಚಿತ್ರದ ತುಂಬ ಇರುವೆ ಬಿಟ್ಟಂತೆ ಚುಕ್ಕೆಗಳಾಗಿದ್ದವು.

ನೀಲಿ ಇಷ್ಟವಾದರೆ ಸಯನೋಟೈಪ್. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಮುದ್ರಣ ವಿಧಾನ ಅದು. ಕಪ್ಪು ಬಿಳುಪಿನ ಜಾಗಕ್ಕೆ ಬೇರೆ ಬಣ್ಣ ಹಾಕುವ ಗ್ರೇಡಿಯಂಟ್ ಮ್ಯಾಪ್‌ನಲ್ಲಿ ಕಪ್ಪಿನ ಜಾಗಕ್ಕೆ ಕಡುನೀಲಿ, ಬಿಳಿಯ ಜಾಗಕ್ಕೆ ಕೆನೆ ಬಣ್ಣ ಕೊಡಿ. ಬಣ್ಣಬಣ್ಣದ ನಾಯ್ಸ್ ಒಂದೇ ಏಟಿಗೆ ಮಾಯ. ಗಿಂಪ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಇದೆಲ್ಲ ಉಚಿತವಾಗಿ ಸಿಗುತ್ತದೆ.

ಆಯಿಲ್ ಪೇಂಟ್ ಫಿಲ್ಟರ್ ಮಾತ್ರ ಬೇಡ ಅನ್ನುತ್ತೇನೆ. ಅದು ನಾಯ್ಸನ್ನೇ ಬ್ರಷ್ಷಿನ ಗೆರೆ ಅಂದುಕೊಂಡು ಮುಖಕ್ಕೆಲ್ಲ ಮೆತ್ತುತ್ತದೆ.

ಶುರು ಮಾಡುವ ಮೊದಲು ಫೋಟೋವನ್ನು 100 ಶೇಕಡ ಝೂಮ್ ಮಾಡಿ ಅಜ್ಜಿಯ ಕಣ್ಣು ನೋಡಿ. ಒಂದು ಕಣ್ಣಾದರೂ ಮಸುಕಾಗಿ ಕಂಡರೆ ಲೋ ಕೀ ಮಾಡಿ. ಎರಡೂ ಕಾಣದಿದ್ದರೆ ನೇರವಾಗಿ ಅಚ್ಚಿನ ಶೈಲಿಗೆ ಹೋಗಿ, ಅದಕ್ಕೆ ಮುಖದ ಹೊರಗೆರೆಯೊಂದಿದ್ದರೆ ಸಾಕು.