ಎರಡೇ ದಿನಕ್ಕೆ ಮೊಣಕಾಲು ನೋವು ಹೋಯಿತು, ಪುಡಿಯಲ್ಲಿ ಏನಿತ್ತು?

ಪ್ರಶ್ನೆ: ಸರ್, ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಅವ್ವನಿಗೆ 62 ವರ್ಷ, ಮೊಣಕಾಲು ನೋವು. ನಾಲ್ಕು ತಿಂಗಳಿಂದ ಸಂತೆಯಲ್ಲಿ ಮಾರುವ ಒಂದು ಪುಡಿ ತಗೊಳ್ತಿದ್ದಾಳೆ. ಡಬ್ಬಿ ಮೇಲೆ 'ಶುದ್ಧ ಗಿಡಮೂಲಿಕೆ, ಸಂಧಿವಾತ, ಸಕ್ಕರೆ ಕಾಯಿಲೆ ಬುಡಸಮೇತ ಗುಣ' ಅಂತ ಇದೆ. ಎರಡೇ ದಿನಕ್ಕೆ ನೋವು ಹೋಗಿತ್ತು. ಈಗ ಮುಖ ಊದಿಕೊಂಡಿದೆ. ಪುಡಿ ನಿಲ್ಲಿಸಲಾ? ದೂರು ಕೊಟ್ಟರೆ ಸರ್ಕಾರ ಏನಾದರೂ ಮಾಡುತ್ತಾ?

ಉತ್ತರ: ಮೊದಲು ಅವ್ವನ ವಿಷಯ, ದೂರು ಆಮೇಲೆ. ಸವೆದ ಮೊಣಕಾಲಿನ ನೋವು ಬೇರು, ತೊಗಟೆಯಿಂದ ಎರಡು ದಿನಕ್ಕೆ ಹೋಗುವುದಿಲ್ಲ. ಅಷ್ಟು ಬೇಗ ಹೋಯಿತು, ಮೇಲಿಂದ ಮುಖ ಊದಿತು ಅಂದರೆ ಪುಡಿಯಲ್ಲಿ ಸ್ಟೀರಾಯ್ಡ್, ಅಂದರೆ ನೋವು, ಊತವನ್ನು ಬೇಗ ಅಡಗಿಸುವ ಔಷಧಿ, ಬೆರೆಸಿರುವ ಅನುಮಾನ ಬರುತ್ತದೆ. ಹಾಗಂತ ನೀವೇ ದಿಢೀರ್ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇವತ್ತೇ ಡಬ್ಬಿ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಶುಗರ್ ಮತ್ತು ಬಿಪಿ ನೋಡಿಸಿ. ಹೇಗೆ ಬಿಡಿಸಬೇಕು ಅನ್ನುವುದನ್ನು ಅವರು ಹೇಳುತ್ತಾರೆ.

ಇನ್ನು ಡಬ್ಬಿ. ಅದರ ಮೇಲೆ ಎರಡು ಥರದ ಸುಳ್ಳು ಇರಬಹುದು. ಒಂದು, ಒಳಗೆ ಏನಿದೆ ಅನ್ನುವುದರ ಬಗ್ಗೆ. ಇನ್ನೊಂದು, ಅದು ಏನು ಗುಣ ಮಾಡುತ್ತದೆ ಅನ್ನುವುದರ ಬಗ್ಗೆ. ಎರಡೂ ಒಂದೇ ಅಲ್ವಾ ಅನ್ನಿಸಬಹುದು, ಆದರೆ ಅಮೆರಿಕದಲ್ಲಿ ಇದೇ ವ್ಯತ್ಯಾಸ ಸರ್ಕಾರವನ್ನು ಕೋರ್ಟಿನಲ್ಲಿ ಸೋಲಿಸಿತು. ಅಲ್ಲಿ 1906ರಲ್ಲಿ ಸುಳ್ಳು ಲೇಬಲ್ ವಿರುದ್ಧ ಕಾನೂನು ಬಂತು. ಕ್ಯಾನ್ಸರ್ ವಾಸಿ ಮಾಡುತ್ತೇನೆ ಅಂತ ಔಷಧಿ ಮಾರಿದವನ ಮೇಲೆ ಕೇಸೂ ಹಾಕಿದರು. 1911ರಲ್ಲಿ ಸುಪ್ರೀಂ ಕೋರ್ಟ್, ಈ ಕಾನೂನು ಒಳಗಿನ ವಸ್ತುವಿನ ಬಗೆಗಿನ ಸುಳ್ಳಿಗೆ ಮಾತ್ರ, ಗುಣ ಮಾಡುವ ಭರವಸೆಗೆ ಅನ್ವಯಿಸುವುದಿಲ್ಲ ಅಂದುಬಿಟ್ಟಿತು. ಮರುವರ್ಷವೇ ತಿದ್ದುಪಡಿ ತರಬೇಕಾಯಿತು.

ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಕಾಯ್ದೆ ಇದೆ. ಒಳಗಿನ ಕಲಬೆರಕೆ, ಸುಳ್ಳು ಲೇಬಲ್‌ಗೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. 'ಬುಡಸಮೇತ ಗುಣ' ಅನ್ನುವಂಥ ಜಾಹೀರಾತಿಗೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ 54 ಕಾಯಿಲೆಗಳು ಇದರ ಪಟ್ಟಿಯಲ್ಲಿವೆ, ಸಕ್ಕರೆ ಕಾಯಿಲೆ ಮತ್ತು ಸಂಧಿವಾತ ಎರಡೂ ಸೇರಿ. ಜಾಹೀರಾತು ಅಂದರೆ ಪೇಪರ್, ಟಿವಿ ಮಾತ್ರ ಅಲ್ಲ, ಲೇಬಲ್ಲೂ ಅದರಲ್ಲಿ ಬರುತ್ತದೆ. ಅಂದರೆ ಪುಡಿಯಲ್ಲಿ ಏನೂ ಸಿಗದಿದ್ದರೂ ಆ ಒಂದು ಸಾಲಿಗೇ ಕೇಸ್ ಆಗಬಹುದು.

ಡಬ್ಬಿ ತಿರುಗಿಸಿ ನೋಡಿ. ಆಯುರ್ವೇದ ಔಷಧಿಯಾದರೆ ಹಾಗಂತ ಬರೆದಿರಬೇಕು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಖು, ಒಳಗಿನ ವಸ್ತುಗಳ ಪಟ್ಟಿ, ತಯಾರಿಸಿದವರ ವಿಳಾಸ ಎಲ್ಲ ಇರಬೇಕು. ವಿಳಾಸ ಇದ್ದರೂ ಪೂರ್ತಿ ನಂಬಬೇಡಿ, ಹುಡುಕಿಕೊಂಡು ಹೋದರೆ ಅಲ್ಲಿ ಹಿಟ್ಟಿನ ಗಿರಣಿ ಇದ್ದರೂ ಇರಬಹುದು!

ದೂರನ್ನು ಬಾಗಲಕೋಟೆಯ ಜಿಲ್ಲಾ ಆಯುಷ್ ಅಧಿಕಾರಿಗೆ ಬರೆದುಕೊಡಿ, ಒಂದು ಪ್ರತಿ ಔಷಧ ನಿಯಂತ್ರಣದವರಿಗೂ ಇರಲಿ. ನಿಮ್ಮ ತೆರೆದ ಡಬ್ಬಿ ಸುಳಿವು ಮಾತ್ರ, ಕೋರ್ಟಿನಲ್ಲಿ ಅದು ಹೆಚ್ಚು ನಿಲ್ಲುವುದಿಲ್ಲ, ನೀವೇ ಏನೋ ಬೆರೆಸಿದ್ದೀರಿ ಅಂತ ಪುಡಿ ಮಾರುವವನ ವಕೀಲ ಹೇಳಬಹುದು. ಇನ್‌ಸ್ಪೆಕ್ಟರ್ ಬಂದು ಮಾರುವವನಿಂದಲೇ ಸ್ಯಾಂಪಲ್ ತಗೊಂಡು, ಪಾಲು ಮಾಡಿ ಸೀಲ್ ಹಾಕಬೇಕು. ಒಂದು ಪಾಲು ಅವನಿಗೆ, ಒಂದು ಸರ್ಕಾರಿ ಲ್ಯಾಬಿಗೆ, ಒಂದು ಕೋರ್ಟಿಗೆ. ಹಾಗಾಗಿ ಅವನು ಯಾವ ಊರಿನ ಸಂತೆಗೆ ಯಾವ ವಾರ ಬರುತ್ತಾನೆ, ಎಲ್ಲಿ ಕೂರುತ್ತಾನೆ ಅನ್ನುವುದನ್ನು ದೂರಿನಲ್ಲಿ ಬರೆಯಿರಿ. ಅದಿಲ್ಲದಿದ್ದರೆ ಅರ್ಜಿ ಸುಮ್ನೆ ಫೈಲಿನಲ್ಲಿ ಕೂರುತ್ತದೆ. ಅವನ ಜೊತೆ ಮೊದಲೇ ಜಗಳ ತೆಗೆಯಬೇಡಿ, ಮುಂದಿನ ವಾರ ಬೇರೆ ಸಂತೆಗೆ ಹೋಗಿಬಿಡುತ್ತಾನೆ.